ಹಾರದ ಜೆಟ್

ನಡುರಾತ್ರಿ ಹಾಲ್‌ನಿಂದ 'ಟಿಕ್' ಎಂಬ ಸಣ್ಣ ಸದ್ದು ಕೇಳಿ ಭಾರ್ಗವಿ ಎದ್ದು ಬಂದಳು. ಗಂಡ ಇನ್ನೂ ತನ್ನ, ರಿಮೋಟಿನಿಂದ ಹಾರಿಸುವ ಪುಟ್ಟ ಜೆಟ್ ವಿಮಾನದ ಮುಂದೆಯೇ ಕೂತಿದ್ದ.

"ರೀ, ನಾಳೆಯದು ಹೊಸಬರ ಸ್ಪರ್ಧೆ. ಎಲ್ಲರೂ ಪ್ರೊಪೆಲರ್ ವಿಮಾನ ತರ್ತಾರೆ. ನಿಮಗ್ಯಾಕೆ ಈ ಟರ್ಬೈನ್ ಎಂಜಿನ್ನಿನ ಜೆಟ್ಟು? ಹಿಡಿತ ತಪ್ಪಿ ಜನರ ಮೇಲೆ ಬಿದ್ರೆ?"

"ತರಬಾರದು ಅಂತ ನಿಯಮದಲ್ಲಿ ಎಲ್ಲಿದೆ? ಆಕಾಶದಲ್ಲಿ ಪಲ್ಟಿ ಹಾಕಿಸಿ ಲೂಪ್ ಹೊಡೀತೀನಿ ಅಂತ ಕ್ಲಬ್ಬಿನವರಿಗೆಲ್ಲ ಹೇಳಿದ್ದೀನಿ, ನಾಳೆ ಅವರ ಬಾಯಿ ಮುಚ್ಚಿಸ್ತೀನಿ, ನೋಡ್ತಿರು."

ಅವಳತ್ತ ನೋಡದೆ ಅವನು ಕರವಸ್ತ್ರ ಸುತ್ತಿ ಜಾಕೆಟ್ಟಿನ ಜೇಬಿಗಿಟ್ಟ.

ಬೆಳಿಗ್ಗೆ ಮೈದಾನದಲ್ಲಿ ಅವನು ಗುಂಡಿ ಒತ್ತಿದ. ಎಂಜಿನ್ ಹೊತ್ತಿಕೊಳ್ಳಲಿಲ್ಲ. ಮತ್ತೆ ಮತ್ತೆ ಒತ್ತಿದ, ಕಂಪನಿಯವರನ್ನು ಬಾಯಿಗೆ ಬಂದಂತೆ ಬೈದ.

"ಏನ್ ಸಾರ್, ನೆಲದ ಮೇಲೇ ಲೂಪ್ ಹೊಡೀತೀರಾ?" ಎಂದು ಯಾರೋ ನಕ್ಕರು.

"ಎಲ್ಲ ಇವಳಿಂದಲೇ! ಹೊರಡೋ ಮುಂಚೆಯೇ ಅಪಶಕುನ ನುಡಿದ್ಲು," ಎಂದು ಅವನು ಎಲ್ಲರೆದುರು ಅವಳ ಮೇಲೆ ಹರಿಹಾಯ್ದ.

ಭಾರ್ಗವಿ ಕಾರಿಗೆ ಹೋದಳು. ಕಣ್ಣೊರೆಸಿಕೊಳ್ಳಲು, ಅವನು ಅಲ್ಲಿ ಬಿಟ್ಟಿದ್ದ ಜಾಕೆಟ್ಟಿನ ಜೇಬಿನಿಂದ ಕರವಸ್ತ್ರ ಎಳೆದಳು. ಅದರಲ್ಲಿ ಜೋಪಾನವಾಗಿ ಸುತ್ತಿಟ್ಟಿದ್ದ, ಎಂಜಿನ್ ಹೊತ್ತಿಸುವ ಪುಟ್ಟ ಪ್ಲಗ್ಗು ಅವಳ ಅಂಗೈಗೆ ಬಿತ್ತು.

ಅದನ್ನು ಮೊದಲಿನಂತೆಯೇ ಸುತ್ತಿ ಜೇಬಿಗಿಟ್ಟು, ತಾನದನ್ನು ಕಂಡದ್ದನ್ನು ಯಾರಿಗೂ, ಅವನಿಗೂ ಸಹ, ಹೇಳಬಾರದೆಂದು ನಿರ್ಧರಿಸಿದಳು.