ಲೈನಿಂಗ್ ಬಟ್ಟೆಯ ಬಲೂನು

ಮೇಣ ಬಳಿದ ಪರೀಕ್ಷೆಯ ಪುಟ್ಟ ಚೀಲವೂ ಕೈಕೊಟ್ಟಿತು. ಬೆಳಿಗ್ಗೆ ಗ್ಯಾಸ್ ತುಂಬಿದಾಗ ಸೂರಿಗೆ ತಲೆ ತಾಗಿಸಿ ನಿಂತದ್ದು, ಸಂಜೆ ದರ್ಜಿ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ನೆಲ ಕಚ್ಚಿತ್ತು. ಮಡಿಕೆ ಬಿದ್ದಲ್ಲೆಲ್ಲ ಮೇಣ ಬಿರುಕು ಬಿಟ್ಟಿತ್ತು. ಅದಕ್ಕೂ ಮೊದಲು ಬಳಿದ ಅಗಸೆ ಎಣ್ಣೆಯಂತೂ ಒಣಗಲೇ ಇಲ್ಲ.

"ಇನ್ನು ರಬ್ಬರ್ ಸೊಲ್ಯೂಷನ್ ಒಂದೇ ಬಾಕಿ," ಎಂದ ದರ್ಜಿ. "ನಿಂತರೆ ದೊಡ್ಡದನ್ನ ಹೊಲಿಯೋದು. ಇಲ್ದಿದ್ರೆ ಎಲ್ಲಾ ಒಲೆಗೆ. ಸೈನಿಕರು ಪಕ್ಕದ ಬೀದಿವರೆಗೆ ಮನೆ ಜಾಲಾಡ್ತಾ ಬಂದಿದ್ದಾರೆ."

ಹೆಂಡತಿ ಹೂಂಗುಟ್ಟಿದಳು.

ಊರಿನ ನಡುವೆ ಗೋಡೆ ಎದ್ದಾಗ ಮಗಳು ಆಚೆ ಬದಿಯ ಅಜ್ಜಿಯ ಮನೆಯಲ್ಲಿದ್ದಳು. ಈಗ ಅಜ್ಜಿಯೂ ತೀರಿಹೋದಳೆಂಬ ಸುದ್ದಿ. ಇದ್ದಬದ್ದ ಲೈನಿಂಗ್ ಬಟ್ಟೆಯ ಬಲೂನು ಗೋಡೆಯಾಚೆಗೆ ಹೊರುವುದು ಒಬ್ಬರನ್ನು ಮಾತ್ರ. ಯಾರನ್ನು ಎಂದು ಹೆಂಡತಿ ಕೇಳಲಿಲ್ಲ. ಇಂಥ ಸಾಹಸವನ್ನೆಲ್ಲ ಗಂಡಸರು ತಾವು ಹೋಗುವುದಕ್ಕೇ ತಾನೆ ಮಾಡುವುದು? ಹೋದವರಿಗೆ ಮರಳುವ ದಾರಿಯಿಲ್ಲ. ಮಗಳಿಗೆ ಅಪ್ಪ ಸಿಗುತ್ತಾನೆ, ಅಪ್ಪನಿಗೆ ಮಗಳು. ತನಗೆ ಖಾಲಿ ಮನೆ.

ಅವನಿಗೋ ತಮಾಷೆ. ಬಲೂನಿಗೆ ತೂಗುಹಾಕುವ ಪಟ್ಟಿಗಳನ್ನು ಅವಳ ಸೊಂಟಕ್ಕೇ ಬಿಗಿದು ಜಗ್ಗಿ ನೋಡುತ್ತಿದ್ದ.

"ನನಗ್ಯಾಕೆ ಕಟ್ತೀರಿ?"

"ಅಂಗಡಿ ಗೊಂಬೆಗೆ ಬಾಯಿಲ್ಲವಲ್ಲ, ಬಿಗಿಯಾಯ್ತು ಅನ್ನೋಕೆ."

ಹಾರಬೇಕಾದವನು ಮೈ ಇಳಿಸುವುದು ಬಿಟ್ಟು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ಮಗಳ ಕೊರಗಿನಲ್ಲಿ ಕಡ್ಡಿಯಾದವಳು ಅವಳು.

ರಬ್ಬರ್ ಬಳಿದ ಚೀಲ ಮಧ್ಯಾಹ್ನವಾದರೂ ಸೂರು ಬಿಡಲಿಲ್ಲ. ಒತ್ತಿದರೆ ಮತ್ತೆ ಉಬ್ಬುತ್ತಿತ್ತು. ಗಂಡ ಅಂಗಡಿಯಲ್ಲಿದ್ದ. ಅವಳು ಕುರ್ಚಿ ಹತ್ತಿ, ಅವನದೇ ಡಬ್ಬಿಯ ಅತಿ ಸಣ್ಣ ಸೂಜಿಯನ್ನು ಹೊಲಿಗೆಯ ಸಾಲಿಗೆ ಚುಚ್ಚಿದಳು. ಅಷ್ಟು ತೂತುಗಳ ನಡುವೆ ಇನ್ನೊಂದು ಯಾರ ಕಣ್ಣಿಗೂ ಬೀಳದು.

ಸಂಜೆ ದರ್ಜಿ ಸೊರಗಿ ಬಿದ್ದ ಚೀಲವನ್ನು ಊದಿ ನೀರಿನಲ್ಲಿ ಅದ್ದಿ ನೋಡಿದ. ಹೊಲಿಗೆಯಿಂದ ಗುಳ್ಳೆ ಎದ್ದವು.

"ರಬ್ಬರ್ ಸೋರ್ತಿಲ್ಲ, ನನ್ನ ಹೊಲಿಗೆ ಸೋರ್ತಿದೆ," ಎಂದ. ಅವನ ಮುಖ ನೋಡಲಾಗಲಿಲ್ಲ. "ಇದನ್ನ ನಂಬಿ ಒಂದು ಜೀವಾನ ಮೇಲೆ ಕಳಿಸೋಕಾಗಲ್ಲ."

ಕತ್ತರಿಸಿಟ್ಟ ಬಟ್ಟೆಯನ್ನೆಲ್ಲ ಒಂದೊಂದಾಗಿ ಒಲೆಗೆ ತುರುಕಿದ. ಕೊನೆಗೆ ಪಟ್ಟಿಗಳು ಉಳಿದವು.

"ಹೋಗ್ಲಿ ಬಿಡಿ," ಎಂದಳು ಅವಳು, ಹಗುರಾದ ದನಿಯಲ್ಲಿ. "ನೀವಾದ್ರೂ ನನಗೆ ಉಳಿದ್ರಲ್ಲ."

ದರ್ಜಿ ತಿರುಗಿ ಅವಳನ್ನೇ ನೋಡಿದ.

"ನಾನೆಲ್ಲಿಗೆ ಹೋಗ್ತಿದ್ದೆ? ಈ ಪಟ್ಟಿಯೊಳಗೆ ನನ್ನ ತೊಡೆಯೂ ಹಿಡಿಯಲ್ಲ. ಮೊದಲೇ ಹೇಳಿದ್ರೆ ನೀನು ನನ್ನ ಬಿಟ್ಟು ಹೋಗಲ್ಲ ಅಂತ ಹಟ ಹಿಡೀತಿದ್ದೆ, ಅದಕ್ಕೇ ನಾನು ಸುಮ್ಮನಿದ್ದೆ. ಮಗೂಗೆ ಅಮ್ಮ ಬೇಕಿತ್ತು ಕಣೇ."