ಭಟ್ಟಿಗೊಂದು ಜಾಗ

ಮಂಡಕ್ಕಿ ಹುರಿಯುವ ಭಟ್ಟಿಯ ಹೊಗೆ ಕುಡಿದು ಕುಡಿದು, ಹುಸೇನ್‌ಪೀರನ ಹೆಂಡತಿಗೆ ಉಸಿರೆಳೆಯುವುದೇ ಒಂದು ದುಡಿಮೆಯಾಗಿತ್ತು. ಮನೆಗೆ ಅಂಟಿಕೊಂಡೇ ಭಟ್ಟಿಯಿದ್ದ ಆ ಓಣಿಯವರೆಲ್ಲ, ಊರ ಹೊರಗೆ ಭಟ್ಟಿಗಳಿಗೆ ಜಾಗ ಬೇಡಲೆಂದು, ತಮ್ಮ ಸಂಘದ ಅಧ್ಯಕ್ಷ ಕೊಟ್ರಪ್ಪನ ಹಿಂದೆ ಮಂತ್ರಿಗಳ ಬಂಗಲೆಗೆ ಬಂದಿದ್ದರು.

ಹೊಸ ಮಂತ್ರಿಗಳು ಎಲ್ಲವನ್ನೂ ಕೇಳಿ ತಲೆದೂಗಿದರು.

“ನ್ಯಾಯವಾದ ಮಾತು. ಈ ಅಧಿವೇಶನದಾಗೇ ಜಾಗ ಮಂಜೂರು ಮಾಡಿಸ್ತೀನಿ, ಹೋಗಿಬರ್ರಿ.”

ಹುಸೇನ್‌ಪೀರನ ಕಣ್ಣು ತುಂಬಿತು. ಕೊಟ್ರಪ್ಪನ ಕೈ ಹಿಡಿದು, “ಅಣ್ಣಾರ, ನೀವಿಲ್ದಿದ್ರ ನಮ್ಮನ್ನ ಈ ಗೇಟಿನೊಳಗ ಯಾರು ಬಿಡ್ತಿದ್ರು?” ಎಂದ.

“ಸಂಘ ಅಂತ ಇರೋದು ಮತ್ಯಾಕಲೇ, ಪೀರಾ? ನೀವು ನಡೀರಿ, ಸಾಹೇಬ್ರಿಗೆ ಒಂದು ನಮಸ್ಕಾರ ಹೇಳಿ ಬರ್ತೀನಿ,” ಎಂದು ಅಧ್ಯಕ್ಷ ಒಳಗೇ ಉಳಿದ.

ಹೊಸ್ತಿಲಾಚೆ ಹುಸೇನ್‌ಪೀರ ಚಪ್ಪಲಿ ಮೆಟ್ಟುತ್ತಿದ್ದಾಗ, ಕೊಟ್ರಪ್ಪನ ಮಾತು ಕಿವಿಗೆ ಬಿತ್ತು. ಎಂಜಲೆಲೆಗೆ ಮೆತ್ತಿದ ಬೆಲ್ಲದಂತೆ ಅಂಟಂಟಾಗಿತ್ತು ಆ ದನಿ.

“ಸಾಹೇಬ್ರ, ಜಾಗ ಸಿಕ್ಕುಬಿಟ್ರ ಸಂಘ ಯಾರಿಗೆ ಬೇಕು, ನಾ ಯಾರಿಗೆ ಬೇಕು? ಹಿಂದಿನ ಮಂತ್ರಿಗಳಂಗ ನೀವೂ ‘ಪರಿಶೀಲಿಸ್ತೀವಿ’ ಅಂದುಬಿಡ್ರಿ, ಸಾಕು.”