ಅಪ್ಪನ ದನಿಯ ಕೋವಿ

ಮನೆಯಲ್ಲೇ ಮಾಡಿದ ಕೋವಿ ಗುಂಡು ಹಾರಿಸುವ ಮುನ್ನ ಮಾತಾಡಬೇಕು, ಅದೂ ಮಾಡಿದವರ ದನಿಯಲ್ಲೇ ಎಂಬ ಕಾನೂನು ಬಂದಾಗ ದಮಯಂತಿ ಇನ್ನೂ ಲಂಗ ತೊಡುವ ಹುಡುಗಿ. ಅಂದು ಅಪ್ಪ ಸೋಮವಾರಪೇಟೆಯ ನೋಂದಣಿ ಕಚೇರಿಗೆ ಹೋಗಿ ತಾನೇ ಮಾಡಿದ ಕೋವಿಗೆ ದನಿ ಕೊಟ್ಟು ಬಂದಿದ್ದ. ಈಗ ಅಪ್ಪನಿಲ್ಲ. ಹಂದಿಗಳು ಶುಂಠಿ ಹೊಲವನ್ನು ಬಗೆದು ಹಾಕುತ್ತಿದ್ದವು. ಕೋವಿಯನ್ನು ತನ್ನ ಹೆಸರಿಗೆ ಮಾಡಿಸಲು ದಮಯಂತಿ ಅದೇ ಕಚೇರಿಗೆ ಬಂದಿದ್ದಳು.

“ಮಾಡಿದವರೇ ಆದ್ರೂ, ತೀರಿಕೊಂಡ ಮೇಲೆ ಅವರ ದನಿ ಇಡೋ ಹಾಗಿಲ್ಲ ಅಕ್ಕಾ. ಅಳಿಸಿ ನಿಮ್ದು ಹಾಕ್ಬೇಕು,” ಎಂದಳು ಗುಮಾಸ್ತೆ ಶಾಹಿದಾ.

“ಅಳಿಸೋ ಮುಂಚೆ ಒಂದ್ಸಲ ಕೇಳ್ಲಾ?”

ಶಾಹಿದಾ ಖಾಲಿ ಕೋವಿಯ ಕುದುರೆಯನ್ನು ಮೆಲ್ಲಗೆ ಎಳೆದಳು.

“ತಡಿ ಮಗಾ. ಮುಂದೆ ಯಾರಾದ್ರೂ ಇದಾರಾ, ಸರಿಯಾಗಿ ನೋಡು,” ಎಂದಿತು ಕೋವಿ. ಆಮೇಲೊಂದು ಕೆಮ್ಮು. ಕೆಮ್ಮಿನ ಬೆನ್ನಿಗೇ ಪುಟ್ಟ ಹುಡುಗಿಯ ಕಿಲಕಿಲ ನಗು. ಅಂದು ಇದೇ ಕಚೇರಿಯಲ್ಲಿ ಅಪ್ಪನ ಪಂಚೆ ಹಿಡಿದು ನಿಂತಿದ್ದ ತನ್ನದೇ ನಗುವೆಂದು ದಮಯಂತಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

“ಇದನ್ನ ಉಳಿಸ್ಕೊಳ್ಳೋಕೆ ದಾರೀನೇ ಇಲ್ವಾ?”

“ನಳಿಗೆಗೆ ಸೀಸ ತುಂಬಿಸಿ ಮುಚ್ಚಿದ್ರೆ ಅದು ಕೋವಿ ಲೆಕ್ಕಕ್ಕೇ ಬರಲ್ಲ, ದನಿ ಇರುತ್ತೆ. ಆದ್ರೆ ಮತ್ತೆಂದೂ ಗುಂಡು ಹಾರಲ್ಲ. ಹಂದಿಗೇನ್ ಮಾಡ್ತೀರಿ?”

“ತಮಟೆ ಬಡೀತೀನಿ. ತುಂಬಿಸ್ಬಿಡಮ್ಮಾ.”

ಆ ವರ್ಷ ಅರ್ಧ ಶುಂಠಿ ಹಂದಿಗಳ ಪಾಲಾಯಿತು. ಉಳಿದದ್ದನ್ನು ಕೀಳುವಾಗ ದಮಯಂತಿ ಕೋವಿಯನ್ನು ಬದುವಿಗೆ ಒರಗಿಸಿಟ್ಟುಕೊಂಡು, ಸೊಂಟ ನೋವು ಬಂದಾಗಲೆಲ್ಲ ಪಕ್ಕದಲ್ಲಿ ಕೂತು ಕುದುರೆ ಎಳೆಯುತ್ತಿದ್ದಳು.